ಅಡ್ಯನಡ್ಕದ ತೋಟದಿಂದ ಮಂಗಳೂರಿನ ಮಾರುಕಟ್ಟೆಗೆ: ವಾರಣಾಶಿ ಸುಬ್ರಾಯ ಭಟ್ಟರು ಮತ್ತು ಕ್ಯಾಂಪ್ಕೊ

ನಮ್ಮ ಸಂಘದ ಇಪ್ಪತ್ತೈದು ವರ್ಷಗಳ ಲೆಕ್ಕಪತ್ರ, ವರದಿಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ಇಲ್ಲಿ ಹೇಳಹೊರಟದ್ದು ನಮಗಿಂತ ಹಿರಿಯ ಸಹಕಾರಿ ಸಂಸ್ಥೆಯೊಂದರ ಹುಟ್ಟಿನ ವಿಚಾರ. ಅದರ ಮುಂದಾಳು ವ್ಯಾಪಾರಿಯೂ ಅಲ್ಲ, ಅಧಿಕಾರಿಯೂ ಅಲ್ಲ, ನಮ್ಮ ನಿಮ್ಮ ಹಾಗೆ ತೋಟ ಇದ್ದ ಒಬ್ಬ ಅಡಿಕೆ ಕೃಷಿಕ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು.

ಸಹಕಾರ ಎಂಬುದು ನಮ್ಮ ಜಿಲ್ಲೆಗೆ ಹೊಸತೇನಲ್ಲ. ಪುತ್ತೂರಿನ ಮೊಳಹಳ್ಳಿ ಶಿವರಾಯರು ಕಳೆದ ಶತಮಾನದ ಆರಂಭದಲ್ಲೇ ಆ ದಾರಿ ತೋರಿಸಿದ್ದರು. ಆದರೆ ಆ ಸಂಘಗಳು ಮುಖ್ಯವಾಗಿ ಸಾಲ ಕೊಟ್ಟವು. ಬೆಳೆದದ್ದನ್ನು ಮಾರುವ ಕೆಲಸ ಮಾತ್ರ ಹಳೆಯ ಕ್ರಮದಲ್ಲೇ ಉಳಿಯಿತು.

ಆ ಕ್ರಮ ಹಿರಿಯ ಸದಸ್ಯರಿಗೆ ಗೊತ್ತಿದ್ದದ್ದೇ. ಅಡಿಕೆ ಒಣಗಿಸಿ, ಸುಲಿದು, ಗೋಣಿಗೆ ತುಂಬಿಸಿ ಅಂಗಡಿಗೆ ಒಯ್ಯುವುದು. ಮಳೆಗಾಲದ ಖರ್ಚಿಗೆ ಅಲ್ಲಿಂದಲೇ ಮುಂಗಡ ಹಣ ತಂದಾಗಿರುತ್ತದೆ, ಹಾಗಾಗಿ ಬೇರೆ ಕಡೆ ಹೋಗುವ ಹಾಗಿಲ್ಲ. ಯಾವುದು ಒಳ್ಳೆಯದು, ಯಾವುದು ಪಟೋರ, ಯಾವುದು ಕರಿಗೋಟು ಎಂದು ವಿಂಗಡಿಸುವವರೂ ಅವರೇ, ದರ ಹೇಳುವವರೂ ಅವರೇ. ಉತ್ತರ ಭಾರತದಲ್ಲಿ ಬೇಡಿಕೆ ಇಲ್ಲ ಎಂದರೆ ನಂಬಬೇಕು. ಹೌದೋ ಅಲ್ಲವೋ ಎಂದು ನೋಡಲು ಕೃಷಿಕ ಕಾನ್ಪುರಕ್ಕೆ ಹೋಗುತ್ತಾನೆಯೇ? ವ್ಯಾಪಾರಿಗಳೆಲ್ಲ ಕೆಟ್ಟವರೆಂದು ಇದರ ಅರ್ಥವಲ್ಲ. ಕಷ್ಟಕಾಲಕ್ಕೆ ಕೈಹಿಡಿದವರೂ ಅವರಲ್ಲಿ ಇದ್ದರು. ಆದರೆ ಬೆಲೆಯ ವಿಷಯದಲ್ಲಿ ಬೆಳೆಗಾರನಿಗೆ ಮಾತೇ ಇರಲಿಲ್ಲ.

1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ಈ ಮಾತಿಲ್ಲದ ಸ್ಥಿತಿ ಎಲ್ಲರ ಅನುಭವಕ್ಕೆ ಬಂತು. ಬೆಳೆಗಾರರನ್ನು ಒಟ್ಟು ಸೇರಿಸಲು ಸುಬ್ರಾಯ ಭಟ್ಟರು ಮುಂದೆ ಬಂದದ್ದು ಆಗ. ಇಲ್ಲಿ ಒಂದು ತೊಡಕಿತ್ತು. 1956ರ ರಾಜ್ಯ ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಗಿತ್ತು. ಅಡ್ಯನಡ್ಕ ಆ ಗಡಿಯ ಮಗ್ಗುಲಲ್ಲೇ ಇರುವ ಊರು. ಆಚೆ ಬದಿಯ ತೋಟಕ್ಕೂ ಈಚೆ ಬದಿಯ ತೋಟಕ್ಕೂ ಎಂತ ವ್ಯತ್ಯಾಸ? ಅದೇ ಮರ, ಅದೇ ಕೊಳೆರೋಗ, ಅದೇ ಮಂಗಳೂರು ಪೇಟೆ. ಒಂದೇ ರಾಜ್ಯದವರು ಸಂಘ ಕಟ್ಟಿದ್ದರೆ ಗಡಿಯಾಚೆಯ ಅಡಿಕೆ ಹೊರಗೆ ಉಳಿದು ಅದೇ ದರ ಇಳಿಸುತ್ತಿತ್ತು. ಹಾಗಾಗಿ ಕರ್ನಾಟಕ ಮತ್ತು ಕೇರಳ ಎರಡನ್ನೂ ಒಳಗೊಂಡ ಸಂಸ್ಥೆಯೇ ಬೇಕಾಯಿತು. 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ನೋಂದಣಿಯಾಯಿತು, ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರಾದರು. ಇಷ್ಟು ದೂರ ಯೋಚಿಸಿದ್ದೇ ಆ ಕಾಲದ ಮುಂದಾಳುಗಳ ದೊಡ್ಡ ಕೆಲಸವೆಂದು ನನ್ನ ಭಾವನೆ.

ಕ್ಯಾಂಪ್ಕೊ ಎಲ್ಲ ಅಡಿಕೆಯನ್ನೂ ಖರೀದಿಸಲಿಲ್ಲ, ಖರೀದಿಸುವ ಅಗತ್ಯವೂ ಇರಲಿಲ್ಲ. ಪೇಟೆಯಲ್ಲಿ ಇನ್ನೊಬ್ಬ ದೊಡ್ಡ ಗಿರಾಕಿ ಇದ್ದಾನೆ, ಆತ ದರವನ್ನು ಬಹಿರಂಗವಾಗಿ ಹೇಳುತ್ತಾನೆ ಎಂಬಷ್ಟರಿಂದಲೇ ವ್ಯವಹಾರದ ರೀತಿ ಬದಲಾಯಿತು. ಕ್ಯಾಂಪ್ಕೊದ ದರ ನೋಡಿಕೊಂಡು ಖಾಸಗಿಯವರೂ ದರ ಹೇಳಬೇಕಾಯಿತು. ನಮ್ಮವರ ಬುದ್ಧಿಯನ್ನೂ ಇಲ್ಲಿ ಹೇಳದೆ ನಿರ್ವಾಹವಿಲ್ಲ. ಹೊರಗೆ ಕಿಲೋಗೆ ಎರಡು ರೂಪಾಯಿ ಜಾಸ್ತಿ ಸಿಕ್ಕರೆ ಅತ್ತ ಓಟ, ದರ ಬಿದ್ದಾಗ "ನಮ್ಮ ಸಂಸ್ಥೆ ಯಾಕೆ ತೆಗೆದುಕೊಳ್ಳುವುದಿಲ್ಲ" ಎಂದು ಗಲಾಟೆ! ನಮ್ಮ ಸಂಘದ ಮಹಾಸಭೆಯಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಕೊಕ್ಕೊ ಸಂಗತಿ. ಅಡಿಕೆಯ ನೆರಳಿನಲ್ಲಿ ಇದು ಚೆನ್ನಾಗಿ ಬರುತ್ತದೆ, ಕಂಪನಿ ಖರೀದಿಸುತ್ತದೆ ಎಂಬ ಭರವಸೆಯಲ್ಲಿ 1970ರ ದಶಕದಲ್ಲಿ ಅನೇಕರು ನೆಟ್ಟರು. ದಶಕದ ಕೊನೆಗೆ ಜಾಗತಿಕ ಬೆಲೆ ಇಳಿಯಿತು, ಇಲ್ಲಿನ ಖರೀದಿಯೂ ಕುಂಟಿತು. ಅಡಿಕೆಯನ್ನಾದರೆ ಒಣಗಿಸಿ ಅಟ್ಟದಲ್ಲಿಟ್ಟು ವರ್ಷ ಕಾಯಬಹುದು. ಕೊಕ್ಕೊದ ಹಸಿಬೀಜ ಕಾಯುವುದಿಲ್ಲ. ಕೋಡು ಒಡೆದ ಮೇಲೆ ಕೂಡಲೇ ಹುಳಿ ಬರಿಸಿ ಒಣಗಿಸಬೇಕು, ಇಲ್ಲವಾದರೆ ಕೊಳೆತು ಹೋಗುತ್ತದೆ. ಮಳೆಗಾಲದಲ್ಲಿ ಬಿಸಿಲಾದರೂ ಎಲ್ಲಿದೆ? ಸಿಟ್ಟಿನಿಂದ ಗಿಡ ಕಡಿದವರಿದ್ದಾರೆ. ಕಡಿಯದವರ ತೋಟದಲ್ಲಿ ಅಳಿಲು, ಮಂಗಗಳಿಗೆ ಹಬ್ಬ.

ಆಗ ಕೊಕ್ಕೊ ಖರೀದಿಗೂ ಕ್ಯಾಂಪ್ಕೊ ಇಳಿಯಿತು. ಆದರೆ ಬೀಜ ಒಣಗಿಸಿ ಮಾರಿದರೂ ಮತ್ತೆ ಬೇರೆಯವರು ಹೇಳಿದ್ದೇ ದರ. ಬೀಜದಿಂದ ಚಾಕೊಲೇಟ್ ವರೆಗೆ ನಾವೇ ಹೋಗಬೇಕು ಎಂಬ ತೀರ್ಮಾನಕ್ಕೆ ಬಂದದ್ದು ಹೀಗೆ. ಅಡಿಕೆ ಮಾರುವವರಿಗೆ ಚಾಕೊಲೇಟಿನ ಉಸಾಬರಿ ಯಾಕಪ್ಪಾ ಎಂದು ಯಾರಿಗಾದರೂ ತೋರುವುದೇ. ಯಂತ್ರಗಳಿಗೆ ದೊಡ್ಡ ಬಂಡವಾಳ ಬೇಕು, ಮಾರಾಟದಲ್ಲಿ ಜಾಹೀರಾತಿಗೆ ಹಣ ಸುರಿಯುವ ದೊಡ್ಡ ಕಂಪನಿಗಳ ಎದುರು ನಿಲ್ಲಬೇಕು. ತಪ್ಪಿದರೆ ಮುಳುಗುವುದು ಕೃಷಿಕರ ಪಾಲುಹಣ. ಆದರೂ 1986ರಲ್ಲಿ ಪುತ್ತೂರಿನಲ್ಲಿ ಕಾರ್ಖಾನೆ ಎದ್ದಿತು, ರಾಷ್ಟ್ರಪತಿ ಜೈಲ್ ಸಿಂಗ್ ಉದ್ಘಾಟಿಸಿದರು. ಬೆಳೆಗಾರರ ಸಹಕಾರಿ ಸಂಸ್ಥೆಯೇ ಚಾಕೊಲೇಟ್ ಕಾರ್ಖಾನೆಯ ಯಜಮಾನ ಎಂಬುದು ಪ್ರಪಂಚದಲ್ಲೇ ಅಪರೂಪ. ಕೊಕ್ಕೊ ಹೇರಳವಾಗಿ ಬೆಳೆಯುವ ಆಫ್ರಿಕದ ಘಾನಾ, ಐವರಿ ಕೋಸ್ಟ್ ದೇಶಗಳಲ್ಲಿಯೂ ಹೆಚ್ಚಿನ ಪಾಲು ಬೀಜವಾಗಿಯೇ ಹಡಗು ಹತ್ತಿ ಹೋಗುತ್ತಿತ್ತು.

ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ಸಂಸ್ಥೆಯ ಹೆಸರಿನಲ್ಲಿ ಅಡಿಕೆಯ ಜೊತೆ ಈಗ ಕೊಕ್ಕೊ ಕೂಡ ಸೇರಿದೆ. ಮಂಗಳೂರಿನ ಮಿಷನ್ ಸ್ಟ್ರೀಟಿನಲ್ಲಿರುವ ಕೇಂದ್ರ ಕಚೇರಿಯ ಕಟ್ಟಡಕ್ಕೆ ವಾರಣಾಶಿ ಟವರ್ಸ್ ಎಂದು ಹೆಸರು. ಪೇಟೆಗೆ ಹೋದಾಗ ಆ ಬೋರ್ಡು ಓದಿದ ನಮ್ಮ ಮಕ್ಕಳು ಇದು ಕಾಶಿಯ ಹೆಸರೋ ಎಂದು ಕೇಳುವುದುಂಟು. ಅಲ್ಲ ಮಾರಾಯ್ರೆ, ಅಡ್ಯನಡ್ಕದ ಒಂದು ಅಡಿಕೆ ತೋಟದ ಹೆಸರು.