ಗೊರಕೆಯೂ ಮೂಗಿನ ಮಾಸ್ಕೂ

ಯಾದಗಿರಿಯಿಂದ ಸುರಪುರದ ಕಡೆ ಹೋಗುವವರು ಶಹಾಪುರದ ಬಳಿ ಒಮ್ಮೆ ಬೆಟ್ಟವನ್ನು ನೋಡದೆ ಮುಂದೆ ಸಾಗುವುದಿಲ್ಲ. ಸಾಲುಗುಡ್ಡಗಳು ದೂರದಿಂದ ಮಹಾಪುರುಷನೊಬ್ಬನು ಅಂಗಾತ ಮಲಗಿದಂತೆ ತೋರುತ್ತವೆ. ಜನ ಅದನ್ನು ಮಲಗಿದ ಬುದ್ಧನೆನ್ನುತ್ತಾರೆ. ಶಿಲ್ಪ ಬಲ್ಲವರು ಇಲ್ಲೊಂದು ಆಕ್ಷೇಪ ತೆಗೆಯಬಹುದು: ಪರಿನಿರ್ವಾಣದ ಬುದ್ಧನು ಬಲಮಗ್ಗುಲಾಗಿ ಮಲಗುವುದು ಸಂಪ್ರದಾಯ. ಗೊರಕೆಗೆ ಮದ್ದು ಹೇಳುವ ವೈದ್ಯರದೂ ಅದೇ ಪಕ್ಷ. ಅಂಗಾತ ಮಲಗಿದಾಗ ನಾಲಗೆಯ ಬುಡ ಹಿಂದಕ್ಕೆ ಜಾರಿ ಗಂಟಲಿನ ದಾರಿ ಕಿರಿದಾಗುತ್ತದಷ್ಟೆ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ನಮ್ಮ ಸೀಮೆಯಲ್ಲಿ ಯಾರ ಗೊರಕೆಯೂ ಗುಟ್ಟಾಗಿ ಉಳಿಯದು. ಕುಂಭಕರ್ಣನ ನಿದ್ರೆಯೆಂದು ನಕ್ಕು ಬಿಡುವುದೇ ರೂಢಿ. ಆದರೆ ಗೊರಕೆ ತಟ್ಟನೆ ನಿಂತು, ಹತ್ತು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ ಉಸಿರೇ ಆಡದೆ, ಬಳಿಕ ಗಕ್ಕನೆ ಉಸಿರೆಳೆದುಕೊಳ್ಳುವವನದು ಗಾಢನಿದ್ರೆಯಲ್ಲ. ತನಗೆ ತಿಳಿಯದಂತೆಯೇ ಅವನು ರಾತ್ರಿಯೆಲ್ಲ ಎಚ್ಚರಗೊಳ್ಳುತ್ತಿರುತ್ತಾನೆ. ಹಗಲು ಕುರ್ಚಿಯಲ್ಲಿ ತೂಕಡಿಸುತ್ತಾನೆ; ರಕ್ತದೊತ್ತಡ ಏರುತ್ತದೆ. ಸ್ಲೀಪ್ ಅಪ್ನಿಯ ಎಂಬ ಬೇನೆ ಇದೇ.

ನಕ್ಕವರು ನಾವು ಮಾತ್ರವಲ್ಲ. ಡಿಕನ್ಸನ ಪಿಕ್‌ವಿಕ್ ಕಾದಂಬರಿಯಲ್ಲಿ ನಿಂತಲ್ಲೇ ನಿದ್ರೆಹೋಗುವ ದಢೂತಿ ಹುಡುಗನನ್ನು ಕಂಡು ಓದುಗರೆಲ್ಲ ನಕ್ಕರು; ೧೯೫೬ರಲ್ಲಿ ಅಮೆರಿಕದ ವೈದ್ಯರು ಅವನ ಕಾದಂಬರಿಯ ಹೆಸರನ್ನೇ ಒಂದು ರೋಗಕ್ಕೆ ಇಟ್ಟರು. ೧೯೬೫ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು, ಬೇರೆಬೇರೆಯಾಗಿಯೇ, ಇಂಥವರಲ್ಲಿ ನಿದ್ರೆಯೊಳಗೆ ಉಸಿರು ಮತ್ತೆಮತ್ತೆ ನಿಲ್ಲುವುದನ್ನು ಗುರುತಿಸಿದರು. ರೋಗ ತಿಳಿದರೂ ಚಿಕಿತ್ಸೆ ಘೋರವಾಗಿತ್ತು: ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಕೊರೆದು ಕೊಳವೆ ಇಡುವುದು.

೧೯೮೦ರ ಜೂನ್‌ನಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಒಬ್ಬ ರೋಗಿ ಈ ರಂಧ್ರ ಬೇಡವೇ ಬೇಡ ಎಂದು ಹಟ ಹಿಡಿದ. ವೈದ್ಯ ಕಾಲಿನ್ ಸಲಿವನ್, ಒಂದು ರಾತ್ರಿ ಬೇರೆ ಪ್ರಯೋಗಕ್ಕೆ ಒಪ್ಪುವಿರಾ ಎಂದು ಕೇಳಿದರು. ಧೂಳು ಹೀರುವ ಯಂತ್ರದಂಥ ಊದುಯಂತ್ರ, ಮೂಗಿನ ಹೊಳ್ಳೆಗೆ ಅಂಟಿಸಿದ ಕೊಳವೆ—ಸಲಕರಣೆ ಇಷ್ಟೆ. ಒತ್ತಿಬಂದ ಗಾಳಿ ಗಂಟಲು ಮುಚ್ಚದಂತೆ ತಡೆಯಿತು. ಬೆಳಿಗ್ಗೆ ಆತ ವರುಷಗಳಿಂದ ಕಾಣದ ಲವಲವಿಕೆಯಿಂದ ಎದ್ದ. ಐವರು ರೋಗಿಗಳ ವರದಿ ೧೯೮೧ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಮನೆಗೆ ಯಂತ್ರ ಒಯ್ದ ಮೊದಲಿಗರ ಸಹನೆ ಕೇಳಿ: ಪ್ರತಿಯೊಬ್ಬರ ಮೂಗಿಗೂ ಪ್ಲಾಸ್ಟರಿನ ಅಚ್ಚು ತೆಗೆದು ಮಾಸ್ಕು ಮಾಡಬೇಕು, ಅದನ್ನು ಪ್ರತಿರಾತ್ರಿ ಅಂಟಿನಿಂದ ಮುಖಕ್ಕೆ ಮೆತ್ತಿಕೊಂಡು ಬೆಳಿಗ್ಗೆ ಕಿತ್ತುಹಾಕಬೇಕು! ಪಟ್ಟಿಯಿಂದ ಬಿಗಿಯುವ ಮೆತ್ತನೆಯ ಮಾಸ್ಕು ಬಂದದ್ದು ಆಮೇಲೆ.

ಅಂದರೆ ಮೊದಲು ಹೊಂದಿಕೊಳ್ಳಬೇಕಾದದ್ದು ಮುಖವಲ್ಲ, ಮಾಸ್ಕು. ಈ ಮಾತನ್ನು ಯಂತ್ರ ಮಾರುವವರು ಹೇಳುವುದು ಕಡಿಮೆ. ಮೂರು ರಾತ್ರಿ ಉಸಿರುಕಟ್ಟಿದಂತಾಗಿ ಯಂತ್ರವನ್ನು ಅಟ್ಟಕ್ಕೇರಿಸಿದವನನ್ನು ಮನೆಯವರು ಅಂಜುಬುರುಕನೆನ್ನುತ್ತಾರೆ. ಮಾಸ್ಕಿನ ಅಳತೆ ತಪ್ಪಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಪಟ್ಟಿ ಸಡಿಲವಾದರೆ ಗಾಳಿ ಕಣ್ಣಿಗೆ ಹೊಡೆಯುತ್ತದೆ, ಬಿಗಿದರೆ ಮೂಗಿನ ಮೇಲೆ ಹುಣ್ಣು. ಬಾಯಿ ತೆರೆದು ಮಲಗುವವನಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕೇ ಬೇಕಾದೀತು. ಹಗಲು ಎಚ್ಚರವಿದ್ದಾಗ ಅರ್ಧ ಗಂಟೆ ಹಾಕಿಕೊಂಡು ಪತ್ರಿಕೆ ಓದಿದರೆ ಅಂಜಿಕೆ ಕಳೆಯುತ್ತದೆ. ಒತ್ತಡವನ್ನು ಮೆಲ್ಲಗೆ ಏರಿಸುವ ವ್ಯವಸ್ಥೆ ಯಂತ್ರದಲ್ಲೇ ಇರುತ್ತದೆ. ಗಂಟಲು ಒಣಗುವವರಿಗೆ ತೇವ ಕೊಡುವ ನೀರಿನ ಡಬ್ಬಿಯುಂಟು. ಅದಕ್ಕೆ ನಮ್ಮ ಬೋರಿನ ಗಡಸುನೀರು ಸಲ್ಲದು, ಭಟ್ಟಿ ಇಳಿಸಿದ ನೀರೇ ಆಗಬೇಕು. ನಡುರಾತ್ರಿ ಕರೆಂಟು ಹೋದರೆ ಮಾಸ್ಕು ತೆಗೆದಿಟ್ಟು, ಅದು ಬರುವವರೆಗೆ ಮಗ್ಗುಲಾಗಿ ಮಲಗುವುದು.