ಆಂಪ್ಲಿಫೈಯರ್‌ನ ಗೇನ್ ಪೂರ್ತಿ ತಿರುಗಿಸಿದರೆ ಪೂರ್ತಿ ಪವರ್ ಸಿಗುತ್ತದೆಯೇ?

ಇಲ್ಲ. ಕಾರಿನ ಡಿಕ್ಕಿಯಲ್ಲಿರುವ ಆಂಪ್ಲಿಫೈಯರ್‌ನ ‘ಗೇನ್’ ನಾಬನ್ನು ಬಹಳ ಜನ ಇನ್ನೊಂದು ವಾಲ್ಯೂಮ್ ಎಂದೇ ತಿಳಿದಿದ್ದಾರೆ. ಅದರ ಕೆಲಸವೇ ಬೇರೆ. ಒಂದು ಸ್ಟೀರಿಯೊ 2 ವೋಲ್ಟ್ ಸಿಗ್ನಲ್ ಕಳಿಸಿದರೆ ಇನ್ನೊಂದು 4 ವೋಲ್ಟ್ ಕಳಿಸುತ್ತದೆ. ಎಷ್ಟು ವೋಲ್ಟ್ ಬಂದಾಗ ಆಂಪ್ಲಿಫೈಯರ್ ತನ್ನ ಪೂರ್ತಿ ಶಕ್ತಿ ಕೊಡಬೇಕು ಎಂದು ಹೊಂದಿಸುವುದು ಗೇನ್. ಅದನ್ನು ಕೊನೆಯವರೆಗೆ ತಿರುಗಿಸಿದರೆ ಶಕ್ತಿಯೇನೂ ಹೆಚ್ಚುವುದಿಲ್ಲ, ವಾಲ್ಯೂಮ್ ಸ್ವಲ್ಪ ಏರಿಸುವಷ್ಟರಲ್ಲೇ ಮಿತಿ ಮುಟ್ಟುತ್ತದೆ.

ಮಿತಿ ದಾಟಿದರೆ ಧ್ವನಿಯ ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಇದೇ ಕ್ಲಿಪ್ಪಿಂಗ್. ನಿಮಗೆ ಒಡಕು ದನಿ ಕೇಳಿಸುತ್ತದೆ. ಅಲೆ ಪೂರ್ತಿ ಚೌಕಾಕಾರಕ್ಕೆ ಬಂದರೆ ಅದೇ ಎತ್ತರದ ನಯವಾದ ಅಲೆಗಿಂತ 2 ಪಟ್ಟು ಶಕ್ತಿ ಸ್ಪೀಕರ್‌ಗೆ ಹೋಗಿ, ಒಳಗಿನ ವಾಯ್ಸ್ ಕಾಯಿಲ್ ಸುಡುತ್ತದೆ. 50 ವಾಟ್‌ನ ಆಂಪ್ಲಿಫೈಯರ್ 80 ವಾಟ್‌ನ ಸ್ಪೀಕರನ್ನು ಸುಟ್ಟುಹಾಕುವುದು ಹೀಗೆ. ‘ಸ್ಪೀಕರ್ ಡೂಪ್ಲಿಕೇಟ್’ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮುನ್ನ ಗೇನ್ ಎಲ್ಲಿದೆ ನೋಡಿ.

ಸರಿಯಾಗಿ ಹೊಂದಿಸಲು ಒಂದು ಮಲ್ಟಿಮೀಟರ್ ಸಾಕು. ಗೇನ್ ಪೂರ್ತಿ ಕೆಳಗಿಳಿಸಿ, ಸ್ಪೀಕರ್ ವೈರ್ ಬಿಚ್ಚಿ. ಈಕ್ವಲೈಸರ್, ಬಾಸ್ ಬೂಸ್ಟ್ ಎಲ್ಲ ಸೊನ್ನೆಗೆ ತನ್ನಿ. ಸ್ಟೀರಿಯೊದ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಇಡಿ, ಅಂದರೆ 40ರಲ್ಲಿ 30. ಸಬ್‌ವೂಫರ್‌ಗಾದರೆ 50 ಹರ್ಟ್ಸ್, ಬಾಗಿಲಿನ ಸ್ಪೀಕರ್‌ಗಾದರೆ 1000 ಹರ್ಟ್ಸ್‌ನ ಟೆಸ್ಟ್ ಟೋನ್ ಹಾಕಿ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಆಂಪ್ಲಿಫೈಯರ್‌ನ ಸ್ಪೀಕರ್ ಟರ್ಮಿನಲ್‌ಗೆ ಹಿಡಿದು ಗೇನ್ ನಿಧಾನವಾಗಿ ಏರಿಸಿ. ಎಲ್ಲಿ ನಿಲ್ಲಿಸಬೇಕು? ವಾಟ್ ಮತ್ತು ಓಮ್ ಗುಣಿಸಿ, ವರ್ಗಮೂಲ ತೆಗೆಯಿರಿ. 100 ವಾಟ್, 4 ಓಮ್ ಆದರೆ 400ರ ವರ್ಗಮೂಲ, 20 ವೋಲ್ಟ್. ವಾಟ್ ಲೆಕ್ಕಕ್ಕೆ ಡಬ್ಬದ ಮೇಲಿನ ‘ಮ್ಯಾಕ್ಸ್’ ಅಂಕಿ ಬೇಡ, ಆರ್‌ಎಂಎಸ್ ಅಂಕಿ ಹಿಡಿಯಿರಿ. ಆಂಪ್ಲಿಫೈಯರ್, ಸ್ಪೀಕರ್ ಎರಡರಲ್ಲಿ ಯಾವುದು ಕಡಿಮೆಯೋ ಅದು.

ಬಾಸ್ ಬೂಸ್ಟ್ ಅನ್ನು ಆಮೇಲೂ ಮುಟ್ಟದಿರುವುದು ಒಳ್ಳೆಯದು. 12 ಡೆಸಿಬಲ್ ಏರಿಸಿದರೆ ಆ ಭಾಗದಲ್ಲಿ ಸುಮಾರು 16 ಪಟ್ಟು ಶಕ್ತಿ ಬೇಕಾಗುತ್ತದೆ. ಅಷ್ಟು ಎಲ್ಲಿಂದ ಬಂದೀತು?

ವೈರ್ ಮತ್ತೆ ಜೋಡಿಸಿ ಹಾಡು ಹಾಕಿದಾಗ ಸಾಮಾನ್ಯವಾಗಿ ಸಬ್‌ವೂಫರ್ ಗುಡುಗಿ, ಹಾಡುವವರ ದನಿ ಮುಚ್ಚಿಹೋಗುತ್ತದೆ. ಆಗ ಮುಂದಿನ ಸ್ಪೀಕರ್‌ಗಳ ಗೇನ್ ಏರಿಸಬೇಡಿ, ಸಬ್‌ವೂಫರ್‌ನದನ್ನೇ ಇಳಿಸಿ. ಸ್ಟೀರಿಯೊ ಬದಲಾಯಿಸಿದ ದಿನ ಇದೆಲ್ಲ ಮತ್ತೆ ಮೊದಲಿಂದ ಮಾಡಬೇಕು.