ಕಾಣದ ಅಕ್ಷರಗಳ ಅಪ್ಪಣೆ

ಗದಗ ಎಂಬ ಹೆಸರಿನಲ್ಲಿ ಇರುವುದು ಮೂರೇ ಅಕ್ಷರ. ಆದರೆ 1991ರ ಭಾರತೀಯ ಮಾನಕದಂತೆ ಗಣಕಯಂತ್ರ ಈ ಹೆಸರನ್ನು ಕನ್ನಡದಲ್ಲಿ ತೋರಿಸಬೇಕಾದರೆ ಅದಕ್ಕೆ ಐದು ಸಂಖ್ಯೆ ಕೊಡಬೇಕಿತ್ತು: 239, 72, 181, 196, 181. ಕೊನೆಯ ಮೂರು ಕ್ರಮವಾಗಿ ಗ, ದ, ಗ. ಮೊದಲಿನ ಎರಡು ಪರದೆಯ ಮೇಲೆ ಎಲ್ಲಿಯೂ ಕಾಣುವುದಿಲ್ಲ. ಅವು ಅಕ್ಷರಗಳಲ್ಲ, ಅಪ್ಪಣೆ. 'ಮುಂದೆ ಬರುವುದನ್ನು ಕನ್ನಡ ಲಿಪಿಯಲ್ಲಿ ತೋರಿಸು' ಎಂಬುದು ಅವುಗಳ ಅರ್ಥ. 72ರ ಜಾಗದಲ್ಲಿ 66 ಬಂದರೆ ಅದೇ ಊರು ನಾಗರಿ ಲಿಪಿಯಲ್ಲಿ ಮೂಡುತ್ತದೆ. 69 ಬಂದರೆ ತೆಲುಗಿನಲ್ಲಿ.

ಅಕ್ಷರಗಳ ಸಾಲಿನಲ್ಲಿಯೇ ಅಪ್ಪಣೆಯನ್ನೂ ಸೇರಿಸಿ ಕಳಿಸುವ ಇಂಥ ಪದ್ಧತಿಯಲ್ಲಿ ಜಗತ್ತಿಗೆಲ್ಲ ಪರಿಚಿತವಾದದ್ದು 'ಎಸ್ಕೇಪ್ ಸೀಕ್ವೆನ್ಸ್'. ಗದಗ-ಬೆಟಗೇರಿಯಂಥ ಅಚ್ಚುಕೂಟಗಳ ಊರಿಗೆ ಇದರ ತಿರುಳು ಹೊಸದೇನಲ್ಲ. ಮೊಳೆ ಜೋಡಿಸುವ ಕಾಲದಲ್ಲಿ ಕರಡು ತಿದ್ದುವವರು ಅಂಚಿನಲ್ಲಿ ಹಾಕಿದ ಗುರುತುಗಳನ್ನು ಯಾರೂ ಅಚ್ಚು ಹಾಕುತ್ತಿರಲಿಲ್ಲ. ಗುರುತು ಹೇಳಿದಂತೆ ಮಾಡುತ್ತಿದ್ದರು. ಯಂತ್ರಕ್ಕೂ ಈ ವ್ಯತ್ಯಾಸವನ್ನು ಕಲಿಸಬೇಕಾಗಿತ್ತು.

ಕಲಿಸುವ ಕೆಲಸ ಶುರುವಾದದ್ದು ತಂತಿಯ ಕಾಲದಲ್ಲಿ. 1870ರ ದಶಕದಲ್ಲಿ ಫ್ರಾನ್ಸಿನ ಎಮಿಲ್ ಬೋಡೊ ಐದೈದು ವಿದ್ಯುತ್ ಸಂಕೇತಗಳ ಕೂಟದಿಂದ ಅಕ್ಷರ ಕಳಿಸುವ ಪದ್ಧತಿ ರೂಪಿಸಿದ. ಐದರಿಂದ ಆಗುವ ಕೂಟಗಳು 32 ಮಾತ್ರ. ರೋಮನ್ ಅಕ್ಷರಗಳೇ 26. ಅಂಕಿಗಳಿಗೆ ಜಾಗ ಸಾಲದು. ಅದಕ್ಕಾಗಿ 'ಇನ್ನು ಬರುವುದು ಅಂಕಿ', 'ಇನ್ನು ಬರುವುದು ಅಕ್ಷರ' ಎಂದು ತಿಳಿಸುವ ಎರಡು ಸಂಕೇತಗಳನ್ನು ಮೀಸಲಿಡಲಾಯಿತು. ಒಂದೇ ಸಂಕೇತಕ್ಕೆ ಎರಡು ಅರ್ಥ. ಯಾವುದು ಸರಿ ಎಂಬುದನ್ನು ಹಿಂದೆ ಬಂದ ಕಾಣದ ಗುರುತು ಹೇಳುತ್ತಿತ್ತು.

1960ರಲ್ಲಿ ಅಮೆರಿಕದ ಬಾಬ್ ಬೆಮರ್ ಗಣಕಯಂತ್ರಗಳಿಗೂ ಇಂಥದೊಂದು ಗುರುತು ಬೇಕೆಂದು ಸೂಚಿಸಿದರು. 1963ರ 'ಆಸ್ಕಿ' ಸಂಕೇತಪಟ್ಟಿಯಲ್ಲಿ ಅದು ಸೇರಿತು. ಇಂದು ಅದರ ಸಂಖ್ಯೆ 27, ಹೆಸರು ಎಸ್ಕೇಪ್. ಕೀಲಿಮಣೆಯ ಎಡಮೂಲೆಯಲ್ಲಿರುವ ಗುಂಡಿಯ ಹೆಸರೂ ಅದೇ.

ಇದರ ನಿಜವಾದ ಉಪಯೋಗ ತಿಳಿದದ್ದು ದೂರದ ದೊಡ್ಡ ಯಂತ್ರಕ್ಕೆ ತಂತಿಯಿಂದ ಜೋಡಿಸಿದ ಪರದೆಗಳು, ಅಂದರೆ ಟರ್ಮಿನಲ್ಲುಗಳು, ಬಂದ ಮೇಲೆ. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ; ಒಟ್ಟು 1,920. ಸೆಕೆಂಡಿಗೆ 30 ಅಕ್ಷರ ಸಾಗಿಸುವ ತಂತಿಯಲ್ಲಿ ಇಡೀ ಪರದೆ ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ಒಂದು ಅಂಕಿ ಬದಲಾದರೆ ಎಲ್ಲವನ್ನೂ ಮತ್ತೆ ಕಳಿಸುವುದು ದಂಡ. ಅದರ ಬದಲು ಎಸ್ಕೇಪ್, ಒಂದು ಚೌಕ ಕಂಸ, 10, ಅರ್ಧವಿರಾಮ, 20, ಕೊನೆಗೆ 'ಎಚ್' ಅಕ್ಷರ ಕಳಿಸಿದರೆ ಸಾಕು; ಬರೆಯುವ ಗುರುತು 10ನೇ ಸಾಲಿನ 20ನೇ ಮನೆಗೆ ಹೋಗಿ ನಿಲ್ಲುತ್ತದೆ. ಎಂಟೇ ಸಂಕೇತಗಳಲ್ಲಿ ಕೆಲಸ ಮುಗಿಯಿತು. ಪರದೆ ಒರೆಸಲು, ಅಕ್ಷರ ದಪ್ಪ ಮಾಡಲು, ಕೆಳಗೆ ಗೆರೆ ಎಳೆಯಲು ಇಂಥವೇ ಬೇರೆ ಅಪ್ಪಣೆಗಳು.

ತೊಂದರೆಯೆಂದರೆ, ಮೊದಮೊದಲು ಒಬ್ಬೊಬ್ಬ ತಯಾರಕನ ಅಪ್ಪಣೆ ಒಂದೊಂದು ತೆರನಾಗಿತ್ತು. ಒಂದು ಕಂಪನಿಯ ಪರದೆಗೆ ಬರೆದದ್ದು ಇನ್ನೊಂದರ ಮೇಲೆ ಕಲಸುಮೇಲೋಗರವಾಗುತ್ತಿತ್ತು. 1978ರಲ್ಲಿ ಡಿಜಿಟಲ್ ಕಂಪನಿ ತಂದ 'ವಿಟಿ-100' ಟರ್ಮಿನಲ್ ಹಾಗೂ 1979ರ ಅಮೆರಿಕನ್ ಮಾನಕದಿಂದ ಒಂದು ಹದ ಬಂತು.

ಆದರೆ ಆ 80 ಮನೆಗಳು ರೋಮನ್ ಅಕ್ಷರಗಳಿಗಾಗಿ ಕಟ್ಟಿದವು: ಒಂದು ಸಂಕೇತಕ್ಕೆ ಒಂದು ಮನೆ. ಕನ್ನಡ ಈ ಲೆಕ್ಕಕ್ಕೆ ಬಗ್ಗದು. ಲಕ್ಷ್ಮೇಶ್ವರ ಎಂದು ಬರೆದರೆ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಆದರೆ ವ್ಯಂಜನ, ಹಲಂತ, ಏತ್ವದ ದೀರ್ಘ ಎಂದು ಬಿಡಿಸಿದರೆ ಯಂತ್ರಕ್ಕೆ 11 ಸಂಕೇತ. ಶಿರಹಟ್ಟಿಗೆ 8, ಮುಂಡರಗಿಗೆ 7. ಇವನ್ನು ಒತ್ತಕ್ಷರವಾಗಿ ಕೂಡಿಸಿ ತೋರಿಸುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ, 1988ರಲ್ಲಿ ಹುಟ್ಟಿದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ 'ಜಿಸ್ಟ್' ತಂತ್ರಜ್ಞಾನ ಆ ಹೊಣೆ ಹೊತ್ತಿತು. ಅದಕ್ಕೆ ಆಧಾರವಾದದ್ದು 'ಇಸ್ಕಿ' ಎಂಬ ಸಂಕೇತಪಟ್ಟಿ.

ಭಾರತದ ಬಹುಪಾಲು ಲಿಪಿಗಳು ಬ್ರಾಹ್ಮಿಯ ಮಕ್ಕಳು. ಅಕ್ಷರಮಾಲೆಯ ಕ್ರಮವೂ ಬಹುಮಟ್ಟಿಗೆ ಒಂದೇ. ಆದ್ದರಿಂದ ಇಸ್ಕಿಯಲ್ಲಿ ಎಲ್ಲ ಲಿಪಿಗಳ 'ಗ'ಕಾರಕ್ಕೂ 181 ಒಂದೇ ಸಂಖ್ಯೆ. ಯಾವ ಲಿಪಿ ಎಂಬುದನ್ನು 239 ಮತ್ತು ಅದರ ಬೆನ್ನಿಗೆ ಬರುವ ಸಂಖ್ಯೆ ನಿರ್ಧರಿಸುತ್ತಿದ್ದವು. ಜಾಗ ಉಳಿಸುವ ಜಾಣತನವೇನೋ ಹೌದು. ಆದರೆ ದಾರಿಯಲ್ಲಿ ಆ ಎರಡು ಸಂಖ್ಯೆ ಬಿದ್ದುಹೋದರೆ ಟರ್ಮಿನಲ್ ತನಗೆ ರೂಢಿಯಾದ ಲಿಪಿಯಲ್ಲಿ ಹೆಸರನ್ನು ತೋರಿಸುತ್ತಿತ್ತು.

ಕಾಗದದ ಮೇಲೆ ಯಾವ ಲಿಪಿ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಸಣ್ಣದಾಗಿರಲಿಲ್ಲ. ಸ್ವಾತಂತ್ರ್ಯ ಬರುವವರೆಗೂ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ. 19ನೇ ಶತಮಾನದಲ್ಲಿ ಇಲ್ಲಿನ ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ಮೇಲುಗೈ. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿಯಬೇಕಾಯಿತು. ಕವಿರಾಜಮಾರ್ಗ ತಿರುಳ್ಗನ್ನಡದ ನಾಡೆಂದು ಹೆಸರಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ ಎಂಬುದನ್ನು ನೆನೆದರೆ ಈ ದುಡಿಮೆಯ ಬೆಲೆ ತಿಳಿದೀತು.

2002ರ ವೇಳೆಗೆ 'ಭೂಮಿ' ಯೋಜನೆಯಲ್ಲಿ ರಾಜ್ಯದ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಗದಗ, ಮುಂಡರಗಿ, ಹಾಗೂ ಆಗ ಲಕ್ಷ್ಮೇಶ್ವರವನ್ನೂ ಒಳಗೊಂಡಿದ್ದ ಶಿರಹಟ್ಟಿ ತಾಲೂಕುಗಳ ಉತಾರಗಳೂ ಅದರಲ್ಲಿದ್ದವು. ಅಷ್ಟರಲ್ಲಿ ವಿಂಡೋಸ್ ಬಂದು, ಪರದೆ ಚಿತ್ರ ಬಿಡಿಸಿದಂತೆ ಅಕ್ಷರ ಬಿಡಿಸತೊಡಗಿತ್ತು. ಟರ್ಮಿನಲ್ಲಿನ ಅಪ್ಪಣೆಗಳು ಹಿಂದೆ ಸರಿದಿದ್ದವು. ಲಿಪಿ ಬದಲಿಸುವ ಗುರುತಿನ ಅಗತ್ಯವನ್ನೂ ಯುನಿಕೋಡ್ ತೆಗೆದುಹಾಕಿತು. ಅದರಲ್ಲಿ ಕನ್ನಡದ 'ಗ' 3223, ನಾಗರಿಯ 'ಗ' 2327. ಒಂದು ಇನ್ನೊಂದಾಗುವ ಭಯವಿಲ್ಲ.

ಹಾಗೆಂದು ಕಾಣದ ಗುರುತುಗಳು ಪೂರ್ತಿ ಹೋಗಿಲ್ಲ. 'ಸಾಫ್ಟ್‌ವೇರ್' ಎಂದು ಬರೆಯುವಾಗ ವಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅಂಥದೇ ಒಂದು ಗುರುತು. ಹುಸೇನ್ ಎಂಬ ಹೆಸರಿನ ಕೊನೆಗೆ ಅದನ್ನು ಒಬ್ಬರು ಸೇರಿಸಿ, ಇನ್ನೊಬ್ಬರು ಬಿಟ್ಟರೆ ಕಣ್ಣಿಗೆ ಎರಡೂ ಒಂದೇ. ಸಂಕೇತಕ್ಕೆ ಸಂಕೇತ ಹೊಂದಿಸಿ ನೋಡುವ ಯಂತ್ರಕ್ಕೆ ಮಾತ್ರ ಅವು ಇಬ್ಬರು ಬೇರೆ ಮನುಷ್ಯರು. ಹೆಸರು ಹಾಕಿ ದಾಖಲೆ ಹುಡುಕಿದಾಗ 'ಇಲ್ಲ' ಎಂಬ ಉತ್ತರ ಬಂದರೆ, ದಾಖಲೆಯೇ ಇಲ್ಲವೆಂದು ತಿಳಿಯುವ ಮೊದಲು ಈ ಕಾಣದ ಗುರುತನ್ನೂ ಪರೀಕ್ಷಿಸಿ ನೋಡುವುದು ಒಳ್ಳೆಯದು.